ದಯವಿಟ್ಟು ಹೇಳದೆ ಬನ್ನಿ

ವಿಶ್ವವಿದ್ಯಾಲಯದ ಶುಲ್ಕ ನೆರವು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮನೆ ಚೆನ್ನಾಗಿದೆ ಎಂಬ ಕಾರಣಕ್ಕೆ ನನ್ನ ಮಗಳಿಗೆ ನೆರವು ಕೊಡಲಾಗುವುದಿಲ್ಲವೆಂದು ತಾವು ತಿಳಿಸಿದ್ದೀರಿ. ಮನೆಯನ್ನು ಮೆಚ್ಚಿದ್ದಕ್ಕೆ ಮೊದಲು ವಂದನೆಗಳು. ಇಷ್ಟು ವರ್ಷಗಳಲ್ಲಿ ಒಂದು ಕಚೇರಿ ಮೊಹರು ಹಾಕಿ ನಮ್ಮ ಮನೆಯನ್ನು ಹೊಗಳಿದ್ದು ಇದೇ ಮೊದಲು. ತಮ್ಮ ಪತ್ರಕ್ಕೆ ಚೌಕಟ್ಟು ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕೋಣವೆಂದರೆ, ಆ ಗೋಡೆ ಮೊಳೆಯ ಪೆಟ್ಟನ್ನು ತಡೆಯುವ ಸ್ಥಿತಿಯಲ್ಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಗಳಿಗೆ ನಿಮ್ಮ ಪಶುವೈದ್ಯ ಪದವಿಯಲ್ಲಿ ಸೀಟು ಸಿಕ್ಕಿದೆ. ಯಾರ ಶಿಫಾರಸೂ ಇಲ್ಲದೆ, ಅವಳ ಅಂಕಗಳಿಗೇ ಸಿಕ್ಕಿದೆ. ಈ ತಿಂಗಳ ಕೊನೆಯೊಳಗೆ ಮೊದಲ ವರ್ಷದ ಶುಲ್ಕವನ್ನು ಪೂರ್ತಿಯಾಗಿ ಕಟ್ಟದಿದ್ದರೆ ಆ ಸೀಟು ಸಾಲಿನಲ್ಲಿ ಹಿಂದೆ ನಿಂತವರ ಪಾಲಾಗುತ್ತದೆ. ಕಟ್ಟಲು ನಮ್ಮಿಂದ ಆಗುತ್ತಿಲ್ಲ. ಇಷ್ಟನ್ನೇ ತಮಗೆ ಖಾಸಗಿಯಾಗಿ ಮೂರು ಸಲ ಬರೆದೆ. ಮೂರು ಸಲವೂ ತಮ್ಮ ಕಂಪ್ಯೂಟರು ತಕ್ಷಣ ಉತ್ತರಿಸಿತು: 'ನಿಮ್ಮ ಪತ್ರ ನಮಗೆ ಬಹಳ ಮುಖ್ಯ.' ಪತ್ರ ಮುಖ್ಯವಾದದ್ದು ಸಂತೋಷ. ಆದರೆ ಮುಖ್ಯಾಧಿಕಾರಿಗಳಿಗೇ ಮುಖ್ಯವಾಗಲಿಲ್ಲವಲ್ಲ ಎಂದು ನಾಲ್ಕನೆಯದನ್ನು ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಾವು ಯಾರೆಂದು ಹೇಳಿಬಿಡುತ್ತೇನೆ. ನಾನು ಇಂಜಿನಿಯರು. ಹೊಸ ಕಟ್ಟಡ ಕಟ್ಟುವವನಲ್ಲ, ಹಳೆಯ ಕಟ್ಟಡಗಳಲ್ಲಿ ಬಿರುಕು ಹುಡುಕಿ, ಇದು ಇನ್ನೆಷ್ಟು ದಿನ ನಿಲ್ಲುತ್ತದೆ ಎಂದು ಹೇಳುವವನು. ಹೆಂಡತಿ ಹಲ್ಲಿನ ಡಾಕ್ಟರು. ಸ್ವಂತ ಕ್ಲಿನಿಕ್ ಅಲ್ಲ. ಬೇರೆಯವರ ಕ್ಲಿನಿಕ್ಕಿನಲ್ಲಿ ಎಷ್ಟು ರೋಗಿಗಳು ಬಂದರೋ ಅಷ್ಟು ಸಂಪಾದನೆ. ಕೈ ಬಿಗಿಯಾದಾಗ ಜನ ಹಲ್ಲು ಕಚ್ಚಿ ಸಹಿಸುತ್ತಾರೆ ಎಂಬುದು ಬರೀ ನುಡಿಗಟ್ಟು ಎಂದುಕೊಂಡಿದ್ದೆ. ನಿಜ ಸಂಗತಿಯಂತೆ. ನೋಯುವ ಹಲ್ಲನ್ನೇ ಕಚ್ಚಿ ಸಹಿಸುತ್ತಾರೆ, ಡಾಕ್ಟರ ಹತ್ತಿರ ಮಾತ್ರ ಬರುವುದಿಲ್ಲ. ಮನೆಯಲ್ಲಿ ನನ್ನ ತಾಯಿ ಇದ್ದಾರೆ, ಒಬ್ಬಳೇ ಮಗಳಿದ್ದಾಳೆ. ಮನೆ ನಮ್ಮದೇ, ಬ್ಯಾಂಕಿನವರು ಒಪ್ಪಿದರೆ. ಕಾರೂ ಇದೆ. ಅದು ನಿಂತಲ್ಲೇ ಇದೆ.

ಇಂಥವರನ್ನು ಮೇಲ್ಮಧ್ಯಮ ವರ್ಗ ಎನ್ನುತ್ತಾರಂತೆ. ಕೆಳಗಿನಿಂದ ನೋಡಿದವರಿಗೆ ಮೇಲು, ಮೇಲಿನಿಂದ ನೋಡಿದವರಿಗೆ ಮಧ್ಯಮ. ಒಳಗಿನಿಂದ ನೋಡಿದವರು ಇದುವರೆಗೆ ಯಾರೂ ಇಲ್ಲ. ಈ ಪತ್ರ ಓದುವವರಲ್ಲಿ ಅನೇಕರು 'ಕಾರಿರುವವನಿಗೂ ಕಣ್ಣೀರೇ?' ಎಂದು ನಗಬಹುದು. ನಗಲಿ. ನಮಗಿಂತ ನಿಜವಾದ ಕಷ್ಟದಲ್ಲಿರುವವರು ಲಕ್ಷಾಂತರ ಮಂದಿ ಇದ್ದಾರೆ, ಅವರಿಗೆ ನೆರವು ಮೊದಲು ಸಿಗಬೇಕು, ಅದರಲ್ಲಿ ಒಂದು ಕಾಸನ್ನೂ ನಾನು ಕೇಳುವುದಿಲ್ಲ. ಶ್ರೀಮಂತರ ಬಗೆಗೂ ನನಗೆ ಹೊಟ್ಟೆಕಿಚ್ಚಿಲ್ಲ. ಅವರು ಶುಲ್ಕ ಕಟ್ಟಿ, ರಸೀದಿ ಎಲ್ಲಿಟ್ಟೆವೆಂದು ಮರೆತು ಹಾಯಾಗಿರುತ್ತಾರೆ. ನನ್ನ ತಕರಾರು ಇವರಿಬ್ಬರ ನಡುವೆ ನೇತಾಡುವವರದು. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎನ್ನುತ್ತಾರೆ. ಸರಿ. ಇರುವೆಯನ್ನು ಭೂತಗನ್ನಡಿಯಲ್ಲಿ ನೋಡಿ, 'ಆಹಾ, ಆನೆ!' ಎಂದು ದಿಮ್ಮಿ ಹೊರಿಸಿದರೆ?

ಶುಲ್ಕದ ಮಾತಿಗೆ ಬರೋಣ. ನಾನೂ ನಿಮ್ಮ ವಿಶ್ವವಿದ್ಯಾಲಯದಲ್ಲೇ ಓದಿದವನು. ನನ್ನ ಅಪ್ಪ ಅಂಚೆ ಕಚೇರಿಯ ಗುಮಾಸ್ತರಾಗಿದ್ದರು. ವರ್ಷದ ಶುಲ್ಕವನ್ನು ಒಂದು ತಿಂಗಳ ಸಂಬಳದಲ್ಲಿ ಕಟ್ಟಿ, ಉಳಿದ ಚಿಲ್ಲರೆಯಲ್ಲಿ ನನಗೊಂದು ಜೊತೆ ಚಪ್ಪಲಿ ಕೊಡಿಸಿದ್ದರು. ಇವತ್ತು ಇಂಜಿನಿಯರೂ ಡಾಕ್ಟರೂ ಒಂದೇ ಸೂರಿನಡಿ ದುಡಿದರೂ ಗುಮಾಸ್ತರೊಬ್ಬರು ಮಾಡಿದ್ದು ಆಗುತ್ತಿಲ್ಲವೆಂದರೆ, ನಾವು ಮೇಲೆ ಬಂದದ್ದು ಎಲ್ಲಿಂದ, ಎಲ್ಲಿಗೆ? ಕೆಲವು ವರ್ಷಗಳ ಹಿಂದೆ ನಿಮ್ಮ ಪಶುವೈದ್ಯ ವಿಭಾಗದ ಕಟ್ಟಡವನ್ನು ಪರೀಕ್ಷಿಸಲು ನನ್ನನ್ನೇ ಕಳುಹಿಸಿದ್ದರು. ನಾನು ಓದುವಾಗ ನಮ್ಮ ಮೊದಲ ವರ್ಷದ ಪಾಠಗಳೂ ಅಲ್ಲೇ ನಡೆಯುತ್ತಿದ್ದವು. ಅದೇ ಬೆಂಚು, ಅದೇ ಕಪ್ಪು ಹಲಗೆ, ಮಳೆ ಬಂದರೆ ಅದೇ ಮೂಲೆಯಲ್ಲಿ ಸೋರುವ ಅದೇ ಛಾವಣಿ. ಹಸುವಿಗೆ ಅಂದೂ ನಾಲ್ಕು ಕಾಲು, ಇಂದೂ ನಾಲ್ಕೇ. ಓಡುತ್ತಿರುವುದು ಶುಲ್ಕ ಮಾತ್ರ. ಹೊಸದಾಗಿ ಕಂಡದ್ದೆಂದರೆ ಸ್ವಾಗತ ಕೊಠಡಿಯಲ್ಲಿ ಗಾಜಿನ ಗೋಡೆಯ ಮೇಲೆ ಸದಾ ಇಳಿಯುವ ನೀರು. ಅದನ್ನು ನೋಡಿದಾಗ ಸುಂದರವೆನಿಸಿತ್ತು. ಈಗ ಮಗಳ ಶುಲ್ಕದ ವಿವರದಲ್ಲಿ 'ಆವರಣ ಅನುಭವ ಶುಲ್ಕ' ಎಂಬ ಬಾಬತ್ತು ಕಂಡ ಮೇಲೆ, ಇಳಿಯುತ್ತಿದ್ದದ್ದು ಯಾರ ಬೆವರೆಂದು ಅರ್ಥವಾಗಿದೆ.

ಚಂದ್ರನಿಗಾದರೂ ಶುಕ್ಲಪಕ್ಷ ಮುಗಿದ ಮೇಲೆ ಕೃಷ್ಣಪಕ್ಷವೊಂದು ಬರುತ್ತದೆ. ಅವನೂ ಸ್ವಲ್ಪ ಇಳಿಯುತ್ತಾನೆ, ನಾಚುತ್ತಾನೆ, ಮರೆಯಾಗುತ್ತಾನೆ. ನಿಮ್ಮದು ಬರೀ ಶುಲ್ಕಪಕ್ಷ. ಬೆಳೆಯುವುದಷ್ಟೇ ಗೊತ್ತು. ಪ್ರತಿ ವರ್ಷ ಏರಿಸುವಾಗ ತಾವು ಕೊಡುವ ವಿವರಣೆ ಒಂದೇ: 'ಗುಣಮಟ್ಟ ಕಾಯ್ದುಕೊಳ್ಳಲು.' ಗುಣಮಟ್ಟವನ್ನು ಇಷ್ಟು ಜೋಪಾನವಾಗಿ ಕಾಯ್ದುಕೊಂಡಿದ್ದೀರಿ ಸ್ವಾಮಿ, ಒಳಗೆ ಯಾರೂ ಬರದ ಹಾಗೆ.

ಸಾಲ ಮಾಡಬಹುದಲ್ಲ ಎನ್ನುತ್ತೀರಿ. ಕೇಳಿ ನೋಡಿದೆ. ನಾನು ಜೀವಮಾನದ ಬಹುಭಾಗ ದುಡಿದ ಕಂಪನಿ ಇತ್ತೀಚೆಗೆ ಹಳೆಯ ಕಟ್ಟಡಗಳ ವಿಭಾಗವನ್ನೇ ಮುಚ್ಚಿತು. ಹಳೆಯದನ್ನು ರಿಪೇರಿ ಮಾಡುವುದಕ್ಕಿಂತ ಕೆಡವುವುದೇ ಲಾಭವಂತೆ. ಕಟ್ಟಡದ ವಿಷಯಕ್ಕೆ ಹೇಳಿದ ಮಾತನ್ನು ನನಗೂ ಅನ್ವಯಿಸಿದರು. ಈಗ ಯಾರಾದರೂ ಕರೆದರೆ ಹೋಗಿ ಬಿರುಕು ನೋಡಿ ಬರುತ್ತೇನೆ, ಕರೆಯದಿದ್ದರೆ ಮನೆಯದನ್ನೇ ನೋಡುತ್ತೇನೆ. ಬ್ಯಾಂಕಿನವನು ಈ ವರ್ಷದ ಆದಾಯ ಕೇಳಿದ. ತೋರಿಸಿದೆ. 'ಇದಕ್ಕೆ ಸಾಲ ಹುಟ್ಟಲ್ಲ ಸಾರ್' ಎಂದ. ತಾವು ಕೇಳಿದ್ದು ಹೋದ ವರ್ಷದ ಆದಾಯ. ಅದನ್ನೂ ತೋರಿಸಿದೆ. 'ಇದಕ್ಕೆ ನೆರವು ಬೇಕಿಲ್ಲ' ಎಂದಿರಿ. ಹೋದ ವರ್ಷದ ಊಟ ನೆನೆದು ಈ ಹೊತ್ತು ತೇಗು ಎಂದ ಹಾಗಾಯಿತು. ಬ್ಯಾಂಕಿನವನಿಗೆ ನಾನು ಬಡವ, ನಿಮಗೆ ಸಿರಿವಂತ. ತಾವಿಬ್ಬರೂ ಒಂದು ಕಡೆ ಕೂತು, ಚಹಾ ಕುಡಿದು, ನಾನು ಯಾರೆಂದು ತೀರ್ಮಾನ ಮಾಡಿ ಹೇಳಿದರೆ ದೊಡ್ಡ ಉಪಕಾರವಾದೀತು. ಚಹಾದ ಖರ್ಚು ನನ್ನದು.

ಆದರೂ ತಮ್ಮ ನಿಯಮದಲ್ಲಿ ಒಂದು ಕಿಟಕಿ ತೆರೆದಿತ್ತು. ಆದಾಯ ಇದ್ದಕ್ಕಿದ್ದಂತೆ ಕುಸಿದವರ, ವ್ಯಾಪಾರದಲ್ಲಿ ನಷ್ಟ ತೋರಿಸಿದವರ ಮನೆಗೆ ತಮ್ಮ ಪರಿಶೀಲಕರು ಬಂದು, ಕಣ್ಣಾರೆ ನೋಡಿ, ವರದಿ ಬರೆಯುತ್ತಾರೆ. ನೋಡಲು ಬರುವ ದಿನವನ್ನು ಒಂದು ವಾರ ಮೊದಲೇ ತಿಳಿಸುತ್ತಾರೆ. ತಿಳಿಸಿದರು. ನಮ್ಮ ದುರ್ದೆಸೆ ಅಲ್ಲಿಂದಲೇ ಶುರು.

ನಮ್ಮ ಕಸುಬಿನಲ್ಲಿ ಯಾವ ಕಟ್ಟಡಕ್ಕೂ ಹೇಳಿ ಹೋಗುವ ಪದ್ಧತಿಯಿಲ್ಲ. ಹೇಳಿ ಹೋದರೆ ಮಾಲೀಕ ಸುಣ್ಣ ಬಳಿಸಿ ಕಾಯುತ್ತಿರುತ್ತಾನೆ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: 'ಹಳೇ ಮನೇಲಿ ಹೊಸ ಬಣ್ಣ ಕಂಡ್ರೆ ಖುಷಿ ಪಡ್ಬೇಡ ಕಣಯ್ಯ. ಬೆರಳ ಗೆಣ್ಣಲ್ಲಿ ತಟ್ಟು.' ಗಟ್ಟಿ ಗೋಡೆಯ ಸದ್ದೇ ಬೇರೆ, ಟೊಳ್ಳು ಗೋಡೆಯ ಸದ್ದೇ ಬೇರೆ. ಇಷ್ಟು ವರ್ಷ ಊರವರ ಗೋಡೆ ತಟ್ಟಿಕೊಂಡು ಬಂದವನ ಮನೆಯಲ್ಲಿ ಏನಾಯಿತೆಂದು ಕೇಳಿ.

ಪರಿಶೀಲಕರು ಬರುತ್ತಾರೆಂಬ ಸುದ್ದಿ ಬಂದದ್ದೇ ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಮನೆಗೆ ಜನ ಬರ್ತಾರೆ ಅಂದ್ರೆ ಹೀಗಾ ಇಡೋದು? ಪರದೆ ನೋಡು, ಮಾಸಿ ಮಸಿಬಟ್ಟೆ ಆಗಿದೆ."

ನನ್ನ ಹೆಂಡತಿ ಮೆಲ್ಲಗೆ ಹೇಳಿದಳು, "ಅತ್ತೆ, ಅವರು ನಮ್ಮ ಕಷ್ಟ ನೋಡೋಕೆ ಬರ್ತಿರೋದು."

"ಕಷ್ಟ ನೋಡೋಕೆ ಬರ್ಲಿ ಕಣಮ್ಮ, ಬೇಡ ಅಂದ್ನಾ? ಧೂಳು ಯಾಕೆ ನೋಡ್ಬೇಕು?"

ಮಾನ್ಯರೇ, ಈ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಕಷ್ಟ ಮತ್ತು ಧೂಳಿನ ನಡುವೆ ಗೆರೆ ಎಲ್ಲಿದೆ? ಮೊದಲು ಪರದೆ ಒಗೆದೆವು. ಪರದೆ ಬೆಳ್ಳಗಾದ ಮೇಲೆ ಕಿಟಕಿಯ ಗಾಜು ಕೊಳಕೆನಿಸಿತು. ಗಾಜು ಒರೆಸಿದ ಮೇಲೆ ಬೆಳಕು ಬಂತು. ಬೆಳಕು ಬಂದ ಮೇಲೆ ಕಿಟಕಿಯ ಪಕ್ಕದ ಬಿರುಕು ಎದ್ದು ಕಂಡಿತು. ಅದು ಸಣ್ಣ ಬಿರುಕಲ್ಲ. ಪಕ್ಕದ ನಿವೇಶನದಲ್ಲಿ ನೆಲಮಾಳಿಗೆಗೆಂದು ಆಳವಾಗಿ ಅಗೆದಾಗ ನಮ್ಮ ಪಾಯ ಒಂದು ಕಡೆ ಕುಸಿದು ಬಂದದ್ದು. ರಿಪೇರಿಗೆ ಪಾಯವನ್ನೇ ಬಿಚ್ಚಿ ಬಲಪಡಿಸಬೇಕು. 'ಮೊದಲು ಮಗಳ ಕಾಲೇಜು ಆಗಲಿ' ಎಂದು ಮುಂದಕ್ಕೆ ಹಾಕಿದ್ದೆವು. ನಮ್ಮ ಮನೆಯಲ್ಲಿ ಕಷ್ಟ ಎಂಬುದಕ್ಕೆ ಒಂದು ಆಕಾರವಿದ್ದರೆ ಅದು ಆ ಬಿರುಕೇ.

ಅದನ್ನು ನಾನೇ ನನ್ನ ಕೈಯಾರೆ ಮುಚ್ಚಿದೆ. ಕುಸುರಿ ಕೆಲಸದ ಹಾಗೆ ಗೋಡೆಗೆ ಮೆತ್ತುವ ಪುಟ್ಟಿ ತುಂಬಿ, ಉಜ್ಜಿ, ತಿಳಿಹಳದಿ ಬಣ್ಣ ಬಳಿದೆ. ಮುಚ್ಚು ಎಂದು ಯಾರೂ ಹೇಳಲಿಲ್ಲ. ಅಮ್ಮ ಸುಮ್ಮನೆ ಒಂದು ಸಲ ಆ ಗೋಡೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು, ಅಷ್ಟೇ. ಮಗಳು ನಿಂತಿದ್ದ ಕಾರನ್ನು ಫಳಫಳ ತೊಳೆದಳು. ತೊಳೆದರೆ ಓಡುವುದಿಲ್ಲವೆಂದು ಅವಳಿಗೂ ಗೊತ್ತು. ಹೆಂಡತಿ ಕಪಾಟಿನ ಮೇಲಿದ್ದ ಚಿನ್ನದಂಚಿನ ಕಪ್ಪುಗಳನ್ನು ಇಳಿಸಿದಳು. ಉಳಿದದ್ದು ಸೋಫಾ. ನಮ್ಮ ಸೋಫಾದ ಹೊಟ್ಟೆ ಹರಿದು ಸ್ಪ್ರಿಂಗು ಹೊರಗೆ ಬಂದಿತ್ತು. ಕೂತವರು ತಾವಾಗಿಯೇ ಬೇಗ ಎದ್ದು ಹೋಗುತ್ತಿದ್ದರು.

ಅಷ್ಟರಲ್ಲಿ ದೇವರೇ ಕಳುಹಿಸಿದ ಹಾಗೆ ಎದುರು ಮನೆಯವರು ಬಾಗಿಲು ತಟ್ಟಿದರು. ಇವರನ್ನು ಬೀದಿಯಲ್ಲಿ ಎಲ್ಲರೂ ಟೈಲ್ಸ್ ಸಾಹುಕಾರರು ಎನ್ನುತ್ತಾರೆ. ನೆಲದ ಟೈಲ್ಸ್ ಮಾರುವ ಅಂಗಡಿ. ಕಾಗದದ ಮೇಲೆ ಆ ಅಂಗಡಿ ವರ್ಷಗಳಿಂದ ನಷ್ಟದಲ್ಲಿದೆ. ಅಷ್ಟು ನಷ್ಟ ತಿಂದೂ ತಿಂದೂ ಹೋದ ವರ್ಷ ಎರಡನೆಯ ಅಂಗಡಿ ತೆರೆದರು.

"ಇಂಜಿನಿಯರ್ ಸಾಹೇಬ್ರೆ, ಒಂದು ಸಣ್ಣ ಸಹಾಯ. ನಮ್ಮ ಸೋಫಾ ಸೆಟ್ ನಿಮ್ಮನೇಲಿ ಒಂದ್ ನಾಲ್ಕು ದಿನ ಇಟ್ಕೋತೀರಾ?"

"ಯಾಕೆ ಸಾರ್, ಮನೇಲಿ ಏನಾದ್ರೂ ಕೆಲಸ ಮಾಡಿಸ್ತಿದೀರಾ?"

"ಹೂಂ, ಹಾಗೇ ಅಂದ್ಕೊಳ್ಳಿ. ಜಾಗ ಸ್ವಲ್ಪ ಖಾಲಿ ಕಾಣ್ಲಿ ಅಂತ."

ಖಾಲಿ 'ಇರಲಿ' ಎನ್ನದೆ 'ಕಾಣಲಿ' ಎಂದರು. ಆಗ ನನ್ನ ಗಮನಕ್ಕೆ ಬರಲಿಲ್ಲ. ನಾಲ್ಕು ಜನ ಆಳುಗಳು ಆ ಸೋಫಾವನ್ನು ಪಲ್ಲಕ್ಕಿಯ ಹಾಗೆ ಹೊತ್ತು ತಂದು ನಮ್ಮ ಹಾಲಿನಲ್ಲಿ ಇಳಿಸಿದರು. ಕಡುಗೆಂಪು ಚರ್ಮ, ಕೆತ್ತನೆಯ ಕಾಲು. ಅಮ್ಮ ಅದರ ಮೇಲೆ ಕೈಯಾಡಿಸಿ, "ನೋಡು, ಒಳ್ಳೇ ಮನಸ್ಸಿದ್ರೆ ಸಮಯಕ್ಕೆ ಎಲ್ಲಾ ಒದಗತ್ತೆ" ಎಂದರು. ನಮ್ಮ ಹರಿದ ಸೋಫಾ ಹಿತ್ತಲಿಗೆ ಹೋಯಿತು.

ನಿಗದಿಯಾದ ದಿನ ಪರಿಶೀಲಕಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಂದು ಚಪ್ಪಲಿಯ ಪಟ್ಟಿ ಪಿನ್ನಿನಲ್ಲಿ ನಿಂತಿತ್ತು. ದಿನಕ್ಕೆ ಎಷ್ಟು ಬೀದಿ ಅಲೆಸುತ್ತೀರೋ ಏನೋ. ಬಾಗಿಲಲ್ಲಿ ನಿಂತು, "ಈಗ್ಲೇ ಎದುರು ಮನೆ ಮುಗಿಸ್ಕೊಂಡು ಬಂದೆ" ಎಂದರು. ಆಗ ನನ್ನ ತಲೆಗೆ ಹೊಳೆಯಿತು. ಸಾಹುಕಾರರ ಮಗನೂ ನಿಮ್ಮಲ್ಲಿಗೇ ಸೇರುತ್ತಿದ್ದಾನೆ. ಅವರೂ ನೆರವು ಕೇಳಿದ್ದಾರೆ. ಅವರ ಮನೆಯಲ್ಲಿ ಈಕೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬಂದಿದ್ದಾರೆ. ಇಲ್ಲಿ ಬಂದು, ಪಾಪ, ಕಾಲು ನೋಯುತ್ತಿತ್ತು, ಹಾಯಾಗಿ ಸಾಹುಕಾರರ ಸೋಫಾದ ಮೇಲೆ ಕೂತರು.

ಆ ಕ್ಷಣದಲ್ಲಿ ನಾನು 'ಮೇಡಂ, ಈ ಸೋಫಾ ನಮ್ಮದಲ್ಲ' ಎಂದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಮನೆಗೆ ಬಂದವರು ಕೂತ ಮೇಲೆ ಆ ಆಸನ ಎರವಲಿನದು ಎಂದು ಹೇಳುವುದು ಹೇಗೆ? ಅಷ್ಟು ಹೊತ್ತಿಗೆ ಅಮ್ಮ ಚಿನ್ನದಂಚಿನ ಕಪ್ಪಿನಲ್ಲಿ ಚಹಾ ತಂದಿದ್ದರು.

"ಅಜ್ಜಿ, ಮನೇಲಿ ಏನಾದ್ರೂ ತೊಂದ್ರೆ ಇದ್ಯಾ? ಔಷಧಿ ಖರ್ಚು, ಸಾಲ, ಹಾಗೇನಾದ್ರೂ?"

ಅಮ್ಮನ ಕಣ್ಣಿಗೆ ಆಗಾಗ ಇಂಜೆಕ್ಷನ್ ಹಾಕಿಸಬೇಕು. ಹೋದ ಸಲದ್ದನ್ನು ಅವರೇ ಬೇಡವೆಂದು ತಪ್ಪಿಸಿದ್ದರು. ಹಾಗೆ ತಪ್ಪಿಸಿದ ಅಮ್ಮ, ಕಪ್ಪನ್ನು ಮುಂದಕ್ಕೆ ಸರಿಸಿ ನಕ್ಕರು. "ನಮಗೇನಮ್ಮ ಕಡಿಮೆ? ಮಗ ಇಂಜಿನಿಯರು, ಸೊಸೆ ಡಾಕ್ಟರು. ನೀನು ಬಿಸ್ಕತ್ತು ತಗೋ, ಬಿಸಿಲಲ್ಲಿ ಬಾಡಿ ಹೋಗಿದ್ದೀಯ."

ಹೆಂಡತಿ ಕೆಮ್ಮಿದಳು. ಪರಿಶೀಲಕಿ ಅವಳ ಕಡೆ ತಿರುಗಿ ಕ್ಲಿನಿಕ್ ಹೇಗೆ ನಡೆಯುತ್ತಿದೆ ಎಂದರು. ಅತ್ತೆಯ ಮಾತನ್ನು ಅತಿಥಿಯ ಎದುರು ಸುಳ್ಳು ಮಾಡಲಾಗದೆ, "ಪರವಾಗಿಲ್ಲ, ನಡೀತಿದೆ" ಎಂದಳು. ನನ್ನ ಸರದಿ ಬಂತು. ಉದ್ಯೋಗ? 'ಕೆಲಸ ಹೋಗಿದೆ' ಎಂಬ ಎರಡು ಪದ ಸಾಕಿತ್ತು. ನನ್ನ ಬಾಯಿಂದ ಬಂದ ಎರಡು ಪದ: "ಸ್ವತಂತ್ರ ಸಲಹೆಗಾರ." ಎಷ್ಟು ಸ್ವತಂತ್ರ ಎಂದರೆ ಸಲಹೆ ಕೇಳುವವರೇ ಇಲ್ಲದಷ್ಟು. ಕೊನೆಗೆ ಮಗಳನ್ನು ಕೇಳಿದರು, "ನೆರವು ಸಿಗದೇ ಹೋದ್ರೆ ಏನ್ ಮಾಡ್ತೀಯಮ್ಮ?" ಅವಳು ನಮ್ಮ ಮೂವರ ಮುಖ ನೋಡಿದಳು. "ಅಯ್ಯೋ, ಪರವಾಗಿಲ್ಲ ಮೇಡಂ. ಮುಂದಿನ ವರ್ಷ ಬೇರೆ ಏನಾದ್ರೂ ಓದ್ತೀನಿ" ಎಂದಳು. ಆ 'ಪರವಾಗಿಲ್ಲ' ಕೇಳಿದಾಗ ನನ್ನ ಎದೆಯಲ್ಲಿ ಆದದ್ದನ್ನು ಬರೆಯುವಷ್ಟು ಕಾಲೇಜು ನಾನು ಓದಿಲ್ಲ. ಚಿಕ್ಕಂದಿನಿಂದ ಬೀದಿಯ ನಾಯಿ, ಬೆಕ್ಕು, ರೆಕ್ಕೆ ಮುರಿದ ಪಾರಿವಾಳ ಎಲ್ಲವನ್ನೂ ಮನೆಗೆ ತಂದು ಪಟ್ಟಿ ಕಟ್ಟಿದವಳು, ಬೇರೆ 'ಏನಾದರೂ' ಓದುತ್ತಾಳಂತೆ.

ಹೊರಡುವಾಗ ಪರಿಶೀಲಕಿ ಕಿಟಕಿಯ ಪಕ್ಕ ಒಂದು ಕ್ಷಣ ನಿಂತು, "ಗೋಡೆ ಬಣ್ಣ ತುಂಬ ಚೆನ್ನಾಗಿದೆ ಸಾರ್" ಎಂದರು. ನಾನು, ಏನು ಹೇಳಲಿ, "ಥ್ಯಾಂಕ್ಸ್" ಎಂದೆ.

ತಮ್ಮ ವರದಿಯ ಪ್ರತಿ ಬಂದಿದೆ. 'ಮನೆ ಸುಸ್ಥಿತಿಯಲ್ಲಿದೆ. ಇತ್ತೀಚೆಗೆ ಬಣ್ಣ ಬಳಿಸಲಾಗಿದೆ. ಪೀಠೋಪಕರಣ ಬೆಲೆಬಾಳುವಂಥದು. ವಾಹನ ಹೊಸದರಂತಿದೆ. ಕುಟುಂಬದವರು ಯಾವುದೇ ತೊಂದರೆಯಿಲ್ಲವೆಂದು ತಾವಾಗಿಯೇ ತಿಳಿಸಿದ್ದಾರೆ. ಸ್ಥಿತಿವಂತರು.' ಒಂದಕ್ಷರವೂ ಸುಳ್ಳಿಲ್ಲ, ಅದೇ ಸೋಜಿಗ. ಆ ಹೆಣ್ಣುಮಗಳ ಮೇಲೆ ನನ್ನದೇನೂ ದೂರಿಲ್ಲ. ತೋರಿಸಿದ್ದನ್ನು ನೋಡಿದರು, ಹೇಳಿದ್ದನ್ನು ಬರೆದರು. ದಯವಿಟ್ಟು ಅವರನ್ನು ಗದರಬೇಡಿ, ಸಾಧ್ಯವಾದರೆ ಒಂದು ಜೊತೆ ಚಪ್ಪಲಿ ಕೊಡಿಸಿ. ಎದುರು ಮನೆಯವರಿಗೆ ನೆರವು ಮಂಜೂರಾಗಿದೆ. ನಮಗೆ ಬರಬೇಕಾದ ನೆರವು ನೆರೆಗೆ ಹೋಯಿತು. ಪರಿಶೀಲಕಿ ಬಂದು ಹೋದ ಮಾರನೆಯ ದಿನವೇ ಅದೇ ನಾಲ್ಕು ಜನ ಬಂದು ಸೋಫಾ ಹೊತ್ತು ಹೋಗಿದ್ದರು. ಸಾಹುಕಾರರು ಉಪಕಾರ ಮರೆಯುವವರಲ್ಲ. ಒಂದು ಡಬ್ಬ ಬಿಸ್ಕತ್ತು ಕಳುಹಿಸಿದ್ದರು. ಆ ಹುಡುಗನ ನೆರವನ್ನು ಕಿತ್ತುಕೊಳ್ಳಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅಪ್ಪನ ಜಾಣತನಕ್ಕೆ ಮಗನಿಗೆ ಶಿಕ್ಷೆ ಯಾಕೆ? ಅಪ್ಪನ ದಡ್ಡತನಕ್ಕೆ ಮಗಳಿಗೆ ಆಗುತ್ತಿರುವುದೇ ಸಾಕು.

ಆದರೆ ಒಂದು ಮಾತು ಕೇಳಲೇಬೇಕು. ಇದು ಎಂಥ ಪರೀಕ್ಷೆ ಸ್ವಾಮಿ? ಒಂದು ವಾರ ಮುಂಚೆ ಪ್ರಶ್ನೆಪತ್ರಿಕೆ ಕೊಟ್ಟು, ಬಡತನವನ್ನು ನಟಿಸಲು ಬಂದವನನ್ನು ಪಾಸು ಮಾಡಿ, ಬಡತನವನ್ನು ಮುಚ್ಚಲು ಬಂದವನನ್ನು ಫೇಲು ಮಾಡುವ ಪರೀಕ್ಷೆ! ಸುಳ್ಳು ನಾವೂ ಹೇಳಿದೆವು, ಅವರೂ ಹೇಳಿದರು. ಅವರ ಸುಳ್ಳಿಗೆ ಬೆಲೆ ಬಂತು, ನಮ್ಮ ಸುಳ್ಳಿಗೆ ನಾವೇ ಬೆಲೆ ತೆತ್ತೆವು. ಮರ್ಯಾದೆ ಎಂಬುದನ್ನು ನಮ್ಮಂಥವರು ತಲೆಮಾರುಗಳಿಂದ ಇಸ್ತ್ರಿ ಮಾಡಿ ಉಟ್ಟು ಬಂದಿದ್ದೇವೆ. ತಾವು ಬರುತ್ತೀರೆಂದು ಅದನ್ನು ಒಂದು ದಿನದ ಮಟ್ಟಿಗೆ ಬಿಚ್ಚಿಟ್ಟು ನಿಲ್ಲಬೇಕಿತ್ತೇ? ಹಾಗೆ ನಿಂತವರಿಗಷ್ಟೇ ಕಾಲೇಜಿನ ಬಾಗಿಲು ತೆರೆಯುವುದಾದರೆ, ಒಳಗೆ ಕಲಿಸುವುದೇನಿದೆ?

ತಮ್ಮ ಪತ್ರ ಬಂದ ದಿನದಿಂದ ಅಮ್ಮನಿಗೆ ಚಹಾ ಕೊಟ್ಟರೆ ತಣ್ಣಗಾಗುವವರೆಗೆ ಹಾಗೇ ಇಟ್ಟುಕೊಂಡು ಕೂರುತ್ತಿದ್ದರು. ಒಂದು ಸಂಜೆ ಇದ್ದಕ್ಕಿದ್ದಂತೆ ಮೊಮ್ಮಗಳ ಕೈ ಹಿಡಿದು, "ನನ್ನ ಹಾಳು ಬಾಯಿ ಕಣೇ. ಒಂದು ಮಾತು ತೊಂದ್ರೆ ಇದೆ ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು?" ಎಂದು ಅತ್ತರು.

ಮಗಳು ಅಜ್ಜಿಯ ಪಕ್ಕದಲ್ಲಿ, ಹಿತ್ತಲಿನಿಂದ ವಾಪಸು ಬಂದಿದ್ದ ಹರಿದ ಸೋಫಾದ ಮೇಲೆ, ಸ್ಪ್ರಿಂಗು ತಪ್ಪಿಸಿಕೊಂಡು ಕೂತಳು. "ಅಜ್ಜಿ, ಬೆಕ್ಕುಗಳೂ ಹಾಗೇ. ಎಷ್ಟೇ ನೋವಿದ್ರೂ ತೋರಿಸ್ಕೊಳ್ಳಲ್ಲ. ಗೊತ್ತಾದ್ರೆ ಬೇರೆ ಪ್ರಾಣಿ ಮೇಲೆ ಬೀಳತ್ತೆ ಅಂತ ಭಯ ಅವಕ್ಕೆ. ಮೈಯೆಲ್ಲ ನೆಕ್ಕಿ ನೀಟಾಗಿ ಕೂತಿರ್ತವೆ."

"ಮತ್ತೆ ಡಾಕ್ಟ್ರಿಗೆ ಹೇಗೆ ಗೊತ್ತಾಗತ್ತೆ?"

"ಕೇಳಿದ್ರೆ ಗೊತ್ತಾಗಲ್ಲ ಅಜ್ಜಿ. ಮುಟ್ಟಿ ನೋಡ್ಬೇಕು."

ಅಮ್ಮ ಕಣ್ಣೊರೆಸಿಕೊಂಡು ನಕ್ಕರು. "ಅಂದ್ರೆ ನನ್ನನ್ನೇ ಬೆಕ್ಕು ಅಂದ್ಯಾ?" "ಹೂಂ, ಮುದಿ ಬೆಕ್ಕು" ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಮಾನ್ಯರೇ, ಈ ಹುಡುಗಿ ಓದಬೇಕಾದ್ದು 'ಬೇರೆ ಏನಾದರೂ' ಎಂದು ತಮಗೂ ಅನ್ನಿಸುತ್ತದೆಯೇ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ಶುಲ್ಕ ಯಾತಕ್ಕೆ ಏರುತ್ತಿದೆ ಎಂಬುದನ್ನು, ಆ ನೀರಿಳಿಯುವ ಗೋಡೆಯ ಖರ್ಚೂ ಸೇರಿದಂತೆ, ಮಕ್ಕಳನ್ನು ಓದಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟಿಸಿ. ಕಳೆದ ವರ್ಷದ ಆದಾಯ ನೋಡಿ ಈ ವರ್ಷದ ಹಣೆಬರಹ ಬರೆಯುವ ನಿಯಮವನ್ನು ಬದಲಿಸಿ. ಇವೆರಡಕ್ಕೂ ಸಭೆ, ಉಪಸಭೆ, ಸಮಿತಿ ಎಲ್ಲ ಆಗಬೇಕು, ಅಷ್ಟರಲ್ಲಿ ನನ್ನ ಮೊಮ್ಮಕ್ಕಳು ಕಾಲೇಜಿಗೆ ಬಂದಿರುತ್ತಾರೆ, ಗೊತ್ತು. ಮೂರನೆಯದಕ್ಕೆ ಸಮಿತಿ ಬೇಡ. ತಿಂಗಳು ಮುಗಿಯುವುದರೊಳಗೆ ನಮ್ಮ ಮನೆಗೆ ಇನ್ನೊಂದು ಸಲ ಬನ್ನಿ. ಅದೇ ಹೆಣ್ಣುಮಗಳನ್ನೇ ಕಳುಹಿಸಿ, ಇಲ್ಲವೇ ತಾವೇ ಬನ್ನಿ. ದಿನ ಹೇಳಬೇಡಿ, ಹೊತ್ತು ಹೇಳಬೇಡಿ, ಬಾಗಿಲು ತಟ್ಟಿ ಒಳಗೆ ಬಂದುಬಿಡಿ. ನಮ್ಮ ಸ್ವಂತ ಸೋಫಾದ ಮೇಲೆ ಕೂರಿ, ಎಡತುದಿಯಲ್ಲಿ ಮಾತ್ರ ಬೇಡ. ಕಾರಿನ ಕೀಲಿ ಕೊಡುತ್ತೇನೆ, ಓಡಿಸಲು ಪ್ರಯತ್ನಿಸಿ. ಅಮ್ಮನನ್ನು 'ಏನಾದರೂ ತೊಂದರೆಯೇ' ಎಂದು ಕೇಳಿ. 'ಏನೂ ಇಲ್ಲ' ಎನ್ನುತ್ತಾರೆ. ಅಲ್ಲಿಗೇ ಬರೆದುಕೊಳ್ಳದೆ ಇನ್ನೊಮ್ಮೆ ಕೇಳಿ. ಆಮೇಲೆ ಕಿಟಕಿಯ ಪಕ್ಕದ ಗೋಡೆಯ ಹತ್ತಿರ ಹೋಗಿ, ಆ ಚೆಂದದ ತಿಳಿಹಳದಿ ಬಣ್ಣದ ಮೇಲೆ, ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿ.

ಹೆಚ್ಚು ಜೋರಾಗಿ ಬೇಡ. ಬಿರುಕು ಈಗಾಗಲೇ ಬಣ್ಣವನ್ನು ಸೀಳಿಕೊಂಡು ತನ್ನ ಹಳೆಯ ಜಾಗಕ್ಕೆ ಬರುತ್ತಿದೆ.

ಈ ಪತ್ರ ಪ್ರಕಟವಾಗುವ ವಿಷಯವನ್ನು ಅಮ್ಮನಿಗೆ ಹೇಳಿಲ್ಲ. ಮತ್ತೆ ಯಾರೋ ಬರುತ್ತಾರೆಂದು ತಿಳಿದರೆ ಈಗಲೇ ಪರದೆ ಬಿಚ್ಚಿ ನೆನೆಹಾಕುತ್ತಾರೆ. ಆದ್ದರಿಂದ ತಡ ಮಾಡಬೇಡಿ.

ಇಂತಿ,
ತಮ್ಮ ಕಡತದ ಪ್ರಕಾರ ಸ್ಥಿತಿವಂತ,
ನಿಜದಲ್ಲಿ ಬರೀ ಪರಿಸ್ಥಿತಿವಂತ,
ಊರವರ ಗೋಡೆ ತಟ್ಟಿ, ತನ್ನ ಮನೆಯ ಗೋಡೆಗೆ ಬಣ್ಣ ಬಳಿದ ಒಬ್ಬ ತಂದೆ